ನನ್ನ ರಿಪೋರ್ಟ್ ನಾನೇ ಓದಬೇಕು

ಖಡಕಿಯಲ್ಲಿ ಗಾಲಿಕುರ್ಚಿಯಲ್ಲಿ ಹೋಗುವವರನ್ನು ಯಾರೂ ತಿರುಗಿ ನಿಂತು ನೋಡುವುದಿಲ್ಲ. ಪುಣೆಯ ಬೇರೆ ಬಡಾವಣೆಯಿಂದ ಇಲ್ಲಿಗೆ ಮನೆ ಬದಲಿಸಿದಾಗ ನನ್ನ ಗಮನಕ್ಕೆ ಮೊದಲು ಬಂದ ಸಂಗತಿ ಇದು. ಇದು ದಂಡಿನ ಊರು. ಯುದ್ಧದಲ್ಲೋ ಅಪಘಾತದಲ್ಲೋ ಬೆನ್ನುಹುರಿಗೆ ಪೆಟ್ಟಾದ ಸೈನಿಕರಿಗಾಗಿ 1974ರಲ್ಲಿ ಶುರುವಾದ ಪ್ಯಾರಾಪ್ಲೆಜಿಕ್ ರಿಹ್ಯಾಬಿಲಿಟೇಶನ್ ಸೆಂಟರ್ ಇಲ್ಲೇ ಇದೆ. ಮೊದಲ ಮಹಾಯುದ್ಧದಲ್ಲಿ ಅಂಗವಿಕಲರಾದ ಭಾರತೀಯ ಸೈನಿಕರಿಗೆ ಕಸುಬು ಕಲಿಸಲು 1917ರಲ್ಲಿ ಮುಂಬಯಿಯಲ್ಲಿ ಆರಂಭವಾದ ಕ್ವೀನ್ ಮೇರಿಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಆಮೇಲೆ ಇಲ್ಲಿಗೆ ಬಂತು. ಹಾಗಾಗಿ ಇಳಿಜಾರು ದಾರಿ ಯಾಕೆ ಬೇಕು, ಅಗಲದ ಬಾಗಿಲು ಯಾಕೆ ಬೇಕು ಎಂದು ಇಲ್ಲಿಯ ಹಳಬರಿಗೆ ವಿವರಿಸಬೇಕಾಗಿಲ್ಲ.

ಆದರೆ ಆಸ್ಪತ್ರೆಯ ಬಾಗಿಲು ಈಗ ರಸ್ತೆಯಲ್ಲಿ ಎಲ್ಲಿದೆ ಹೇಳಿ? ಅಪಾಯಿಂಟ್‌ಮೆಂಟ್ ಫೋನಿನಲ್ಲಿ, ಹಣ ಕಟ್ಟುವುದು ಫೋನಿನಲ್ಲಿ, ರಿಪೋರ್ಟ್ ಬರುವುದೂ ಫೋನಿಗೆ. ಆ ಬಾಗಿಲಿಗೆ ಇಳಿಜಾರು ಇದೆಯೇ ಎಂದು ನೋಡಿದವರು ಕಡಿಮೆ.

ನಾನು ಹಗಲಿಡೀ ಮಾಡುವುದು ಇದೇ ಕೆಲಸ. ಅಮೆರಿಕದ ಆಸ್ಪತ್ರೆಗಳಿಗೆ ಪೇಷಂಟ್ ಪೋರ್ಟಲ್ ಕಟ್ಟುವ ತಂಡದಲ್ಲಿದ್ದೇನೆ. ಅಲ್ಲಿಯ ಗ್ರಾಹಕರು ಸಾಫ್ಟ್‌ವೇರ್ ಕೊಳ್ಳುವ ಮೊದಲೇ ಕಣ್ಣು ಕಾಣದವರು, ಕಿವಿ ಕೇಳದವರು, ಮೌಸ್ ಹಿಡಿಯಲಾಗದವರು ಇದನ್ನು ಬಳಸಬಲ್ಲರೇ ಎಂಬುದಕ್ಕೆ ಕಾಗದ ಕೇಳುತ್ತಾರೆ. ಕೊಡದಿದ್ದರೆ ಮಾತುಕತೆ ಅಲ್ಲಿಗೇ ಮುಗಿಯಿತು. ಪುಣೆ, ಬೆಂಗಳೂರು, ಹೈದರಾಬಾದುಗಳಲ್ಲಿ ನನ್ನಂಥ ಎಷ್ಟೋ ಜನ ದಿನವೂ ಓಹಾಯೋದ ಅಜ್ಜಿಗೆ ಬಟನ್ ಸರಿಯಾಗಿ ಕೇಳಿಸುತ್ತದೆಯೇ ಎಂದು ಪರೀಕ್ಷಿಸುತ್ತೇವೆ. ಸಂಜೆ ನಮ್ಮ ಓಣಿಯ ಲ್ಯಾಬಿನ ವೆಬ್‌ಸೈಟ್ ತೆರೆದರೆ ಅದರ ಒಂದು ಬಟನ್ನಿಗೂ ಹೆಸರಿರುವುದಿಲ್ಲ. ಕಲಿತ ವಿದ್ಯೆಯನ್ನು ಪೂರ್ತಿ ರಫ್ತು ಮಾಡಿ ಮನೆಗೆ ಚೂರೂ ಉಳಿಸಿಕೊಳ್ಳದ ಹಾಗೆ.

ಈ ಕಡೆ ಮೂರು ಶಾಖೆಗಳಿರುವ ಒಂದು ಲ್ಯಾಬ್ ಇದೆ. ಹೆಸರು ಬೇಡ. ನಡೆಸುವವರು ವಿಜಯಪುರ ಜಿಲ್ಲೆಯ ಡಾಕ್ಟರು. ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಪರಿಚಯವಾದವರು, ತಮ್ಮ ವೆಬ್‌ಸೈಟ್ ಒಮ್ಮೆ ನೋಡಲು ಕೇಳಿದರು. ಅವರಿಗೆ ಬೇಕಾಗಿದ್ದದ್ದು ಪುಟ ಬೇಗ ತೆರೆದುಕೊಳ್ಳುವುದು, ಗೂಗಲ್‌ನಲ್ಲಿ ಮೇಲೆ ಬರುವುದು. ನಾನು ಸುಗಮ್ಯತೆಯ ಮಾತು ತೆಗೆದಾಗ ಅವರು ಕೇಳಿದ್ದು ನ್ಯಾಯವಾದ ವ್ಯಾಪಾರಿ ಪ್ರಶ್ನೆಯನ್ನೇ: "ಅಲ್ರೀ, ನಮ್ಮಲ್ಲಿ ಕಣ್ಣು ಕಾಣದವ್ರು ಎಷ್ಟ ಮಂದಿ ಬರ್ತಾರ? ತಿಂಗಳಿಗೆ ಒಬ್ರೋ ಇಬ್ರೋ."

ಬುಕ್ ಮಾಡಲಾಗದವರು ಲೆಕ್ಕಕ್ಕೇ ಸಿಗುವುದಿಲ್ಲ, ಅದು ಮೊದಲ ಮಾತು. ಎರಡನೆಯದು ಅವರ ವ್ಯಾಪಾರಕ್ಕೇ ಸಂಬಂಧಿಸಿದ್ದು. ಆ ಲ್ಯಾಬಿನಲ್ಲಿ ಅತಿ ಹೆಚ್ಚು ನಡೆಯುವುದು ಸಕ್ಕರೆ ಪರೀಕ್ಷೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಮಧುಮೇಹ ಕಣ್ಣಿನ ರೆಟಿನಾವನ್ನು ಕೆಡಿಸುತ್ತದೆ, ಬೆರಳ ತುದಿಯ ಸ್ಪರ್ಶವನ್ನೂ ಕಸಿಯುತ್ತದೆ. ವರ್ಷಕ್ಕೆ ನಾಲ್ಕು ಸಲ ಬರುವ ನಿಮ್ಮ ಗಟ್ಟಿ ಗಿರಾಕಿಯೇ ಹತ್ತು ವರ್ಷದ ಮೇಲೆ ನಿಮ್ಮ ಪುಟ ಓದಲಾಗದವನಾಗುತ್ತಾನೆ ಎಂದೆ. ಡಾಕ್ಟರಾದ್ದರಿಂದ ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. "ಹಂಗಾರ ಮಾಡ್ರಿ" ಎಂದರು.

ಸುಗಮ್ಯತೆಯ ಪರೀಕ್ಷೆಯನ್ನು ಯಂತ್ರದ ಕೈಗೆ ಕೊಟ್ಟು ಸುಮ್ಮನಾಗುವವರೇ ಹೆಚ್ಚು. ಯಂತ್ರ ಸಣ್ಣಪುಟ್ಟದ್ದನ್ನು ಚೆನ್ನಾಗಿ ಹಿಡಿಯುತ್ತದೆ. ಅಮೆರಿಕದ ವೆಬ್‌ಏಮ್ ಸಂಸ್ಥೆ ಪ್ರತಿವರ್ಷ ಹತ್ತು ಲಕ್ಷ ವೆಬ್‌ಸೈಟುಗಳ ಮುಖಪುಟಗಳನ್ನು ಹೀಗೆ ತಪಾಸಣೆ ಮಾಡುತ್ತದೆ. 2025ರಲ್ಲಿ ಶೇ 94.8ರಷ್ಟು ಪುಟಗಳಲ್ಲಿ ಒಂದಾದರೂ ಲೋಪ ಸಿಕ್ಕಿತು. ಮಸುಕು ಬಣ್ಣದ ಅಕ್ಷರ, ವಿವರಣೆಯಿಲ್ಲದ ಚಿತ್ರ, ಹೆಸರಿಲ್ಲದ ಫಾರ್ಮ್ ಖಾನೆ, ಖಾಲಿ ಲಿಂಕು, ಖಾಲಿ ಬಟನ್, ಭಾಷೆ ನಮೂದಿಸದ ಪುಟ: ವರ್ಷ ವರ್ಷವೂ ಮೇಲೆ ಬರುವುದು ಇವೇ ಆರು. ಆದರೆ ಒಬ್ಬ ರೋಗಿಗೆ ಎಲ್ಲಿ ಕೆಲಸ ನಿಂತುಹೋಗುತ್ತದೆ ಎಂಬುದನ್ನು ಯಂತ್ರ ಹೇಳದು. ಅದಕ್ಕೆ ಮನುಷ್ಯರೇ ಬೇಕು, ಅದೂ ದಿನಬಳಕೆಯಲ್ಲಿ ಪಳಗಿದವರು.

ರೇಂಜ್ ಹಿಲ್ಸ್ ಕಡೆ ಧಾರವಾಡದ ಒಬ್ಬ ಕಾಕಾ ಇದ್ದಾರೆ. ಹುಟ್ಟಿನಿಂದ ಕಣ್ಣಿಲ್ಲ. ಸರಕಾರಿ ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತರಾದವರು. ಕಾಕೂ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕನ್ನು ಅವರು ಓಡಿಸುವ ವೇಗಕ್ಕೆ ನನ್ನ ಕಿವಿ ಸಾಲದು. ಬೆರಳು ಬಲಕ್ಕೆ ಸರಿಸಿದರೆ ಮುಂದಿನದು, ಎರಡು ಸಲ ತಟ್ಟಿದರೆ ಒತ್ತಿದ ಹಾಗೆ. ಬ್ಯಾಂಕು, ರೈಲು, ಭೀಮಸೇನ ಜೋಶಿಯವರ ಹಳೆಯ ರೆಕಾರ್ಡಿಂಗು, ಎಲ್ಲವೂ ಅವರಿಗೆ ಅದರಲ್ಲೇ. ಅವರನ್ನು ಲ್ಯಾಬಿನ ಪುಟದ ಮುಂದೆ ಕೂರಿಸಿದೆ.

ಮೊದಲ ಬಟನ್: "ಅನ್‌ಲೇಬಲ್ಡ್, ಬಟನ್". ಎರಡನೆಯದು: ಅದೇ. ಮೂರನೆಯದು ಒಂದು ಚಿತ್ರ, ಕ್ಯಾಮೆರಾ ಕೊಟ್ಟ ಫೈಲಿನ ಹೆಸರೇ ಅದರ ವಿವರಣೆ. ಹೆಸರು, ವಯಸ್ಸು ತುಂಬುವ ಖಾನೆಗಳಲ್ಲಿ ಮಸುಕು ಅಕ್ಷರದಲ್ಲಿ ಸೂಚನೆ ಇತ್ತು. ಬರೆಯತೊಡಗಿದ ಕೂಡಲೇ ಅದು ಮಾಯ. ತಾರೀಖು ಆರಿಸಲು ಒಂದು ಅಂದದ ಕ್ಯಾಲೆಂಡರು, ಅದರಲ್ಲಿ ಬೆರಳು ಇಟ್ಟಲ್ಲೆಲ್ಲ ಬರೀ ಅಂಕಿ. ಯಾವ ತಿಂಗಳು, ಯಾವ ವಾರ ಎಂಬ ಸುಳಿವಿಲ್ಲ. ಖಾಲಿ ಇರುವ ಸಮಯ ಹಸಿರು, ಭರ್ತಿಯಾದದ್ದು ಬೂದು. ಆ ಎರಡು ಬಣ್ಣಗಳೂ ಧ್ವನಿಯಲ್ಲಿ ಒಂದೇ. ಕಾಕಾ ಭರ್ತಿಯಾದ ಸಮಯವನ್ನೇ ನಾಲ್ಕು ಸಲ ಒತ್ತಿದರು, ಏನೂ ಆಗಲಿಲ್ಲ, ಯಾಕೆ ಆಗಲಿಲ್ಲ ಎಂದು ಪುಟ ಹೇಳಲೂ ಇಲ್ಲ. ಖಾನೆಯ ಸುತ್ತ ಒಂದು ಕೆಂಪು ಗೆರೆ ಮಾತ್ರ ಮೂಡಿತು, ನನಗೆ ಕಂಡಿತು.

ನನಗೆ ಹೆಚ್ಚು ಗಾಬರಿಯಾದದ್ದು ಪೋಸ್ಟರಿನಿಂದ. "ಪರೀಕ್ಷೆಗೆ ಬರುವ ಮುನ್ನ" ಎಂಬ ಸೂಚನೆಗಳೆಲ್ಲ ಬಣ್ಣಬಣ್ಣದ ಒಂದು ಚಿತ್ರದೊಳಗೆ ಕೂತಿದ್ದವು. ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆಗೆ ಕನಿಷ್ಠ 8 ತಾಸು ಏನೂ ತಿಂದಿರಬಾರದು, ನೀರು ಕುಡಿಯಬಹುದು, ಎಂದಿನ ಔಷಧಿಯ ಬಗ್ಗೆ ಡಾಕ್ಟರನ್ನು ಕೇಳಿ ಎಂಬುದೆಲ್ಲ ಅದರಲ್ಲಿತ್ತು. ಕಾಕಾ ಆ ಚಿತ್ರವನ್ನು ದಾಟಿ ಮುಂದೆ ಹೋದರು, ಅಲ್ಲೊಂದು ಸೂಚನೆ ಇದೆ ಎಂಬುದೇ ತಿಳಿಯಲಿಲ್ಲ. ಬೆಳಿಗ್ಗೆ ಚಹಾ ಕುಡಿದು ಬಂದು ರಕ್ತ ಕೊಟ್ಟಿದ್ದರೆ ಅಂಕಿ ತಪ್ಪು ಬರುತ್ತಿತ್ತು, ಆ ಅಂಕಿ ನೋಡಿ ಗುಳಿಗೆಯ ಪ್ರಮಾಣ ಬದಲಾಗುತ್ತಿತ್ತು.

ಅವರು ಅರ್ಧಕ್ಕೆ ಫೋನು ಕೆಳಗಿಟ್ಟು ಹೇಳಿದ ಮಾತು ಬೇರೆಯೇ ಇತ್ತು. "ತಮ್ಮಾ, ಬುಕ್ಕಿಂಗ್ ಹೆಂಗರ ಮಾಡಸ್ತೀನಿ. ಫೋನ್ ಹಚ್ಚಿದ್ರ ಅವ್ರ ಮಾಡ್ಕೊಡ್ತಾರ. ರಿಪೋರ್ಟ್ ಬರ್ತದಲ್ಲ, ಅದನ್ನ ಯಾರ ಕಡೆ ಓದಸ್ಲಿ?"

ಪಕ್ಕದ ಮನೆಯ ಕಾಲೇಜು ಹುಡುಗ ಓದಿ ಹೇಳುತ್ತಿದ್ದನಂತೆ. ಒಳ್ಳೆಯ ಹುಡುಗ. ಆದರೆ ಕಾಕಾನ ಸಕ್ಕರೆ ಎಷ್ಟಿದೆ ಎಂದು ಸಂಜೆಯೊಳಗೆ ಅವನ ತಾಯಿಗೆ ಗೊತ್ತು, ಮರುದಿನ ಹಾಲಿನವನಿಗೆ ಗೊತ್ತು. ಪ್ರಾಸ್ಟೇಟ್ ಗ್ರಂಥಿಯ ಪಿಎಸ್‌ಎ ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಚೀಟಿ ಬರೆದುಕೊಟ್ಟು ಏಳು ತಿಂಗಳಾಗಿತ್ತು. ಕಾಕಾ ಮಾಡಿಸಿರಲಿಲ್ಲ. ರಕ್ತ ಕೊಡಲು ಅಂಜಿಕೆಯಿಂದಲ್ಲ, ದುಡ್ಡಿಗೂ ಅಲ್ಲ. ಆ ಹುಡುಗನ ಕೈಲಿ ಅದನ್ನು ಓದಿಸಲು ಅವರಿಗೆ ಮನಸ್ಸಿರಲಿಲ್ಲ.

ಸಹಾಯ ಮಾಡುವವರು ಇದ್ದಾರಲ್ಲ ಎಂದು ನಾವು ಸುಲಭವಾಗಿ ಹೇಳುತ್ತೇವೆ. ರೈಲು ಟಿಕೆಟಿಗೆ ಆ ಮಾತು ನಡೆಯುತ್ತದೆ. ಕಾಯಿಲೆಯ ವಿಷಯದಲ್ಲಿ ಸಹಾಯ ಕೇಳುವುದೆಂದರೆ ನಿಮ್ಮ ದೇಹದ ಗುಟ್ಟನ್ನು ಇನ್ನೊಬ್ಬರ ಕೈಗೆ ಕೊಡುವುದು. ಹೆಣ್ಣುಮಕ್ಕಳ ಗರ್ಭದ ಪರೀಕ್ಷೆ, ಮನೋವೈದ್ಯರ ಅಪಾಯಿಂಟ್‌ಮೆಂಟ್, ಎಚ್‌ಐವಿ ರಿಪೋರ್ಟ್ ನೆನೆಸಿಕೊಳ್ಳಿ. ಎಚ್‌ಐವಿ ಸ್ಥಿತಿಯನ್ನು ಗುಟ್ಟಾಗಿಡಬೇಕೆಂದು 2017ರ ಕಾನೂನೇ ಇದೆ. ಕಣ್ಣಿಲ್ಲದವರಿಗೆ ಅದೇ ರಿಪೋರ್ಟನ್ನು ಚಿತ್ರವಾಗಿ ಕಳಿಸಿದರೆ ಲ್ಯಾಬಿನವರು ಗುಟ್ಟು ಕಾಪಾಡಿದ ಹಾಗೂ ಆಯಿತು, ಓಣಿಯವರಿಗೆ ಗೊತ್ತಾಗುವಂತೆ ಮಾಡಿದ ಹಾಗೂ ಆಯಿತು.

ಆ ಲ್ಯಾಬಿನಲ್ಲಿ ರಿಪೋರ್ಟನ್ನು ಪ್ರಿಂಟ್ ತೆಗೆದು, ಡಾಕ್ಟರು ಸಹಿ ಮಾಡಿ, ಸ್ಕ್ಯಾನ್ ಮಾಡಿ ಪಿಡಿಎಫ್ ಕಳಿಸುತ್ತಿದ್ದರು. ಬಹಳ ಕಡೆ ಹೀಗೇ. ನೋಡುವವರಿಗೆ ಅದು ಅಕ್ಷರ, ಸ್ಕ್ರೀನ್ ರೀಡರಿಗೆ ಅದು ಒಂದು ಫೋಟೋ, ಒಳಗೆ ಓದಲು ಒಂದಕ್ಷರವೂ ಇಲ್ಲ. ಮಿತಿ ಮೀರಿದ ಅಂಕಿಯನ್ನು ದಪ್ಪಕ್ಷರದಲ್ಲೋ ಕೆಂಪಿನಲ್ಲೋ ತೋರಿಸುತ್ತಾರೆ. ಬಣ್ಣ ಗುರುತಿಸಲಾಗದವರಿಗೆ, ಕಪ್ಪುಬಿಳುಪು ಪ್ರಿಂಟ್ ತೆಗೆದವರಿಗೆ ಅದೂ ಹೋಯಿತು.

ನಾವು ಮಾಡಿದ ಬದಲಾವಣೆಗಳಲ್ಲಿ ಇದೇ ಮುಖ್ಯವಾದದ್ದು. ಲ್ಯಾಬಿನ ವೆಬ್‌ಸೈಟ್ ನೋಡಿಕೊಳ್ಳುವ ಲಾತೂರಿನ ಹುಡುಗನೂ ನಾನೂ ಆರು ವಾರಾಂತ್ಯ ಕೂತೆವು. ಕಾಗದದ ಸಹಿಯ ಬದಲು ಡಿಜಿಟಲ್ ಸಹಿ ಬಂತು, ಪಿಡಿಎಫ್ ನಿಜವಾದ ಅಕ್ಷರಗಳದ್ದಾಯಿತು. ಜೊತೆಗೆ ಅದೇ ರಿಪೋರ್ಟ್ ಒಂದು ಸಾದಾ ವೆಬ್ ಪುಟವಾಗಿಯೂ ತೆರೆದುಕೊಳ್ಳುತ್ತದೆ. ಕೋಷ್ಟಕದ ಪ್ರತಿ ಕಂಬಕ್ಕೂ ತಲೆಬರಹ ಕೊಟ್ಟೆವು: ಪರೀಕ್ಷೆ, ನಿಮ್ಮ ಪ್ರಮಾಣ, ಸಾಮಾನ್ಯ ಮಿತಿ, ಷರಾ. ಷರಾದಲ್ಲಿ "ಮಿತಿಗಿಂತ ಹೆಚ್ಚು" ಎಂದು ಅಕ್ಷರದಲ್ಲೇ ಇರುತ್ತದೆ. ತಲೆಬರಹ ಇಲ್ಲದಿದ್ದರೆ ಕಿವಿಗೆ ಬೀಳುವುದು ಬರೀ ಅಂಕಿಗಳ ಮಳೆ, ಯಾವುದು ನಿಮ್ಮದು, ಯಾವುದು ಮಿತಿ ಎಂದು ತಿಳಿಯದು.

ಕೋಷ್ಟಕವನ್ನು ಕಿವಿಗೆ ಹೇಗೆ ಓದಿಸಬೇಕು ಎಂಬುದರ ಬಗ್ಗೆ ಬಹಳ ಹಿಂದೆಯೇ ತಲೆಕೆಡಿಸಿಕೊಂಡವರು ಇದೇ ಪುಣೆಯವರು ಎಂಬುದು ಇಲ್ಲಿಯ ಐಟಿ ಹುಡುಗರಿಗೂ ಅಷ್ಟಾಗಿ ಗೊತ್ತಿಲ್ಲ. ಟಿ. ವಿ. ರಾಮನ್ ಬೆಳೆದದ್ದು ಪುಣೆಯಲ್ಲಿ. ಹದಿನಾಲ್ಕನೇ ವಯಸ್ಸಿಗೆ ಗ್ಲಾಕೋಮಾದಿಂದ ದೃಷ್ಟಿ ಹೋಯಿತು. ವಾಡಿಯಾ ಕಾಲೇಜಿನಲ್ಲಿ ಗಣಿತ, ಆಮೇಲೆ ಐಐಟಿ ಬಾಂಬೆ, ಆಮೇಲೆ ಕಾರ್ನೆಲ್. 1994ರ ಅವರ ಪಿಎಚ್‌ಡಿ, ಗಣಿತದ ಬರಹವನ್ನು ಧ್ವನಿಯಾಗಿ ಮಾಡುವ 'ಆಸ್ಟರ್' ಎಂಬ ವ್ಯವಸ್ಥೆಯ ಬಗ್ಗೆ. ಮುಂದೆ ಎಮ್ಯಾಕ್‌ಸ್ಪೀಕ್ ಬರೆದರು, ಗೂಗಲ್ ಸೇರಿದರು. ಪುಟ ಹೇಗೆ ಕಾಣುತ್ತದೆ ಎಂದು ಕಿವಿಗೆ ವರ್ಣಿಸುತ್ತ ಕೂರುವ ಬದಲು ಅದರ ಒಳಗಿನ ರಚನೆಯನ್ನೇ ನೇರವಾಗಿ ಧ್ವನಿಗೆ ಇಳಿಸುವುದು ಅವರ ಹಾದಿ. ನಮ್ಮ ಲ್ಯಾಬಿನ ನಾಲ್ಕು ತಲೆಬರಹಗಳೂ ಆ ಹಾದಿಯಲ್ಲೇ ಇವೆ.

ಉಳಿದ ಕೆಲಸ ಬಡಗಿಯ ಕೆಲಸದಂಥದ್ದು, ಬೇಗ ಹೇಳಿಬಿಡುತ್ತೇನೆ. ಬಟನ್ನುಗಳಿಗೆ ಹೆಸರು ಇಟ್ಟೆವು. ಅಂದದ ಕ್ಯಾಲೆಂಡರು ತೆಗೆದು ದಿನ, ತಿಂಗಳು ಆರಿಸುವ ಸಾದಾ ಪಟ್ಟಿ ಹಾಕಿದೆವು. ಸಮಯದ ಬಟನ್ "ಬೆಳಿಗ್ಗೆ 7:30, ಖಾಲಿ ಇದೆ" ಎಂದು ಹೇಳುತ್ತದೆ. ಪೋಸ್ಟರಿನ ಮಾತುಗಳೆಲ್ಲ ಅಕ್ಷರವಾಗಿ ಕೆಳಗೆ ಬಂದವು. ಲ್ಯಾಬಿನ ಲಾಂಛನದ ತಿಳಿಹಸಿರು ಅಕ್ಷರಗಳು ಬಿಳಿಯ ಮೇಲೆ ಕಾಣುತ್ತಲೇ ಇರಲಿಲ್ಲ. ಅಂತರರಾಷ್ಟ್ರೀಯ ಮಾನದಂಡ ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1ರ ಬಣ್ಣದ ಅಂತರ ಕೇಳುತ್ತದೆ. ಗಾಢ ಹಸಿರಿಗೆ ಒಪ್ಪಿಸಲು ಡಾಕ್ಟರ ಜೊತೆ ಎರಡು ಸಲ ಜಗಳವಾಡಬೇಕಾಯಿತು. ಅದೊಂದು ಬಣ್ಣದ ಮೇಲೆ ಅವರಿಗೆ ಯಾಕೆ ಅಷ್ಟು ಮೋಹವೋ! ಕೈ ನಡುಗುವವರಿಗಾಗಿ ಬಟನ್ ದೊಡ್ಡದಾಯಿತು, ಮೌಸ್ ಮುಟ್ಟದೆ ಟ್ಯಾಬ್ ಕೀಲಿಯಿಂದಲೇ ಕೊನೆಯವರೆಗೆ ಹೋಗುವಂತಾಯಿತು. ಬುಕ್ಕಿಂಗ್ ಖಾತ್ರಿಗೆ ಫೋನ್ ಮಾಡುವ ಪದ್ಧತಿ ಕಿವಿ ಕೇಳದವರನ್ನು ಹೊರಗೇ ನಿಲ್ಲಿಸುತ್ತಿತ್ತು, ಈಗ ಮೆಸೇಜೂ ಹೋಗುತ್ತದೆ.

ಭಾಷೆಯ ಮಾತು ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು, ನಮಗೂ ತಾಗುವಂಥದ್ದು. ಪುಟ ಮರಾಠಿಯದಾಗಿದ್ದು ಒಳಗಿನ ಕೋಡ್ ಅದನ್ನು ಇಂಗ್ಲಿಷ್ ಎಂದು ಸಾರಿದರೆ ಸ್ಕ್ರೀನ್ ರೀಡರ್ ಇಂಗ್ಲಿಷ್ ಧ್ವನಿಯಲ್ಲಿ ತೊದಲುತ್ತದೆ, ಇಲ್ಲವೇ ಸಾಲನ್ನೇ ಹಾರಿಸುತ್ತದೆ. ಕನ್ನಡಕ್ಕೆ ಧ್ವನಿ ಇಲ್ಲ ಎಂಬ ಕಾಲ ಹೋಯಿತು. ಉಚಿತವಾಗಿ ಸಿಗುವ ಎನ್‌ವಿಡಿಎ ಕನ್ನಡ ಓದುತ್ತದೆ, ಆಂಡ್ರಾಯ್ಡ್ ಓದುತ್ತದೆ. ಓದಲಾಗದ್ದು ನಮ್ಮ ಹಳೆಯ ಫೈಲುಗಳನ್ನು. ನುಡಿ, ಬರಹಗಳ ಯುನಿಕೋಡ್ ಪೂರ್ವದ ಫಾಂಟಿನಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡ, ಒಳಗೆ ಕೊಂಬು ಬಾಲ ಮೂಡಿದ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಊರಲ್ಲಿ ಯಾವುದೋ ಆಸ್ಪತ್ರೆಯ ಕನ್ನಡ ಕರಪತ್ರ, ಟ್ರಸ್ಟಿನ ಸೂಚನೆ ಇನ್ನೂ ಅದೇ ಫಾಂಟಿನಲ್ಲಿದ್ದರೆ, ಯುನಿಕೋಡಿಗೆ ಬದಲಿಸಿಕೊಡುವುದು ನಮ್ಮಲ್ಲಿ ಯಾರಿಗಾದರೂ ಒಂದು ಮಧ್ಯಾಹ್ನದ ಕೆಲಸ.

ಕಾನೂನು ಏನು ಹೇಳುತ್ತದೆ ಎಂದು ಡಾಕ್ಟರು ಕೇಳಿದರು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 46ನೇ ಕಲಂ, ಸೇವೆ ಕೊಡುವವರು ಸರಕಾರದವರಿರಲಿ ಖಾಸಗಿಯವರಿರಲಿ ಎರಡು ವರ್ಷದೊಳಗೆ ಅದನ್ನು ಸುಗಮ್ಯಗೊಳಿಸಬೇಕು ಎನ್ನುತ್ತದೆ. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಗಡುವು ದಾಟಿ ಎಷ್ಟು ಕಾಲವಾಯಿತು, ನೀವೇ ಲೆಕ್ಕ ಹಾಕಿ. ದಂಡ ಮೊದಲ ಸಲಕ್ಕೆ 10,000 ರೂಪಾಯಿವರೆಗೆ, ಆಮೇಲೆ 50,000ದಿಂದ 5 ಲಕ್ಷದವರೆಗೆ.

ಆರೋಗ್ಯದ ವ್ಯಾಪಾರಕ್ಕೇ ನೇರ ಸಂಬಂಧಿಸಿದ ಪ್ರಕರಣವೊಂದು ಕರ್ನಾಟಕದ್ದೇ ಇದೆ. ಸುರತ್ಕಲ್ ಎನ್‌ಐಟಿಕೆಯ ವಿದ್ಯಾರ್ಥಿಗಳು 2008ರಲ್ಲಿ ಆರಂಭಿಸಿದ, ಬೆಂಗಳೂರಿನಲ್ಲಿ ನೆಲೆಯಾದ ಪ್ರ್ಯಾಕ್ಟೋ ನಿಮ್ಮಲ್ಲಿ ಹಲವರ ಫೋನಿನಲ್ಲಿರಬಹುದು. ಅದರ ಆ್ಯಪ್ ಸ್ಕ್ರೀನ್ ರೀಡರಿನಿಂದ ಬಳಸಲಾಗುತ್ತಿಲ್ಲ ಎಂದು ದೃಷ್ಟಿಹೀನ ವಕೀಲ ರಾಹುಲ್ ಬಜಾಜ್ ಅಂಗವಿಕಲ ವ್ಯಕ್ತಿಗಳ ಮುಖ್ಯ ಆಯುಕ್ತರಿಗೆ ದೂರು ಕೊಟ್ಟರು. ಆ್ಯಪನ್ನು ಸುಗಮ್ಯಗೊಳಿಸುವಂತೆ 2022ರಲ್ಲಿ ಆಯುಕ್ತರಿಂದ ಶಿಫಾರಸು ಬಂತು. ಖಾಸಗಿ ಕಂಪನಿ ಎಂದು ಕಾಯ್ದೆಯಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂಬುದು ಅದರಿಂದ ಸ್ಪಷ್ಟವಾಯಿತು. ಆಯುಕ್ತರು ಕೊಡುವುದು ಶಿಫಾರಸು, ಕೋರ್ಟಿನ ತೀರ್ಪಿನ ಬಿಸಿ ಅದಕ್ಕಿಲ್ಲ. ಆದರೆ ಸುಪ್ರೀಂ ಕೋರ್ಟೂ ಹಿಂದೆ ಉಳಿದಿಲ್ಲ. ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು, ಸುಗಮ್ಯತೆಯನ್ನು ಬರೀ ಮಾರ್ಗಸೂಚಿಯ ಮಟ್ಟದಲ್ಲಿ ಬಿಟ್ಟ ನಿಯಮ ಕಾಯ್ದೆಗೇ ವಿರುದ್ಧ, ಕಡ್ಡಾಯ ನಿಯಮ ಮಾಡಿ ಎಂದು ಸರಕಾರಕ್ಕೆ ಹೇಳಿತು. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಡಿಜಿಟಲ್ ಸೇವೆಗಳ ಪ್ರವೇಶ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು. ಅದು ಬಂದದ್ದು ಆ್ಯಸಿಡ್ ದಾಳಿಗೆ ತುತ್ತಾದವರ ಅರ್ಜಿಯಿಂದ: ಕೆವೈಸಿಗಾಗಿ ಕಣ್ಣು ಮಿಟುಕಿಸಿ ಎಂದು ಕೇಳುವ ಆ್ಯಪಿನ ಮುಂದೆ ರೆಪ್ಪೆಗೆ ಪೆಟ್ಟಾದವರು ಏನು ಮಾಡಬೇಕು?

ಈ ಮಧ್ಯೆ ಯಾರೋ ಮಾರಾಟಗಾರ ಡಾಕ್ಟರಿಗೆ ಫೋನ್ ಮಾಡಿದ್ದ. ಪುಟದ ಮೂಲೆಯಲ್ಲಿ ಗಾಲಿಕುರ್ಚಿಯ ಗುರುತಿನ ಒಂದು ಬಟನ್, ಒಂದೇ ಸಾಲಿನ ಕೋಡ್, ಎಲ್ಲ ತಾನಾಗಿ ಸರಿಯಾಗುತ್ತದೆ, ವರ್ಷಕ್ಕೆ ಇಷ್ಟು ಎಂದು. ಇಂಥದ್ದನ್ನು ಮಾರುವ ಆ್ಯಕ್ಸೆಸಿಬಿ ಎಂಬ ಕಂಪನಿ 10 ಲಕ್ಷ ಡಾಲರ್ ಕೊಡಬೇಕೆಂಬ ಆದೇಶವನ್ನು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಪ್ರಕಟಿಸಿತು. ತನ್ನ ಉತ್ಪನ್ನ ಯಾವ ವೆಬ್‌ಸೈಟನ್ನಾದರೂ ಮಾನದಂಡಕ್ಕೆ ತರುತ್ತದೆ ಎಂಬ ಅದರ ಹೇಳಿಕೆ ದಾರಿ ತಪ್ಪಿಸುವಂಥದ್ದು ಎಂಬುದು ಆರೋಪ. ಕಾಕಾಗೆ ಆ ಬಟನ್ ಇರುವ ಬೇರೊಂದು ಪುಟ ತೋರಿಸಿದೆ. "ನನ್ನ ಫೋನ್ ಮಾತಾಡ್ಲಿಕ್ಕತ್ತದ, ಇದೂ ನಡಕ ಮಾತಾಡ್ತದ. ಇದನ್ನ ಬಂದ್ ಮಾಡೂದು ಹೆಂಗ?" ಎಂದರು. ಡಾಕ್ಟರು ಆ ದುಡ್ಡನ್ನು ಲಾತೂರಿನ ಹುಡುಗನಿಗೇ ಕೊಟ್ಟರು.

ಹೊಸ ಪುಟ ತೆರೆದ ಎರಡನೇ ವಾರ ಕಾಕಾ ತಾವೇ ಬುಕ್ ಮಾಡಿ, ತಾವೇ ಹೋಗಿ ರಕ್ತ ಕೊಟ್ಟು ಬಂದರು. ರಿಪೋರ್ಟ್ ಬಂದ ಸಂಜೆ ಫೋನ್ ಮಾಡಿ, "ಓದ್ಕೊಂಡೆ ತಮ್ಮಾ" ಎಂದರು. ಏನಿತ್ತು ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಬಾಕಿ ಇರುವುದೂ ಇದೆ. ಹಣ ಕಟ್ಟುವ ಪುಟ ಬೇರೆ ಕಂಪನಿಯದು. ಅಲ್ಲಿ ಸೊಟ್ಟ ಅಕ್ಷರಗಳ ಚಿತ್ರ ನೋಡಿ ಟೈಪ್ ಮಾಡಬೇಕು, ಕಾಕಾ ಸದ್ಯ ಕೌಂಟರಿನಲ್ಲೇ ಹಣ ಕೊಡುತ್ತಾರೆ. ಆ ಕಂಪನಿಗೆ ಎರಡು ಸಲ ಬರೆದಾಗಿದೆ, "ನಿಮ್ಮ ಸಲಹೆಗೆ ಧನ್ಯವಾದ" ಎಂಬ ಉತ್ತರ ಎರಡು ಸಲ ಬಂದಿದೆ. ಮನೆಗೇ ಬಂದು ರಕ್ತ ಒಯ್ಯುವ ಸೇವೆಗೆ ನಕ್ಷೆಯ ಮೇಲೆ ಗುಂಡುಪಿನ್ನು ಎಳೆದು ಮನೆ ತೋರಿಸಬೇಕು. ಅದರ ಪಕ್ಕದಲ್ಲೇ ವಿಳಾಸ ಬರೆಯುವ ಖಾನೆ ಹಾಕಲು ಬರುವ ಶನಿವಾರ ಲಾತೂರಿನ ಹುಡುಗ ಮನೆಗೆ ಬರುತ್ತಿದ್ದಾನೆ.